ಬುದ್ಧಿಯ ಏರುತಗ್ಗು

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಪ್ರಯಾಣ ಮಾಡುವವನಿಗೆ ನೆಲದ ಸ್ವಭಾವವು ಎಷ್ಟು ಬೇಗ ಬದಲಾಗುತ್ತದೆಂಬುದು ಕಣ್ಣಿಗೆ ಕಟ್ಟುತ್ತದೆ. ಸಿಂಧನೂರಿನ ಸುತ್ತಮುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಎರೆಭೂಮಿ; ದೃಷ್ಟಿ ಹರಿಯುವವರೆಗೂ ಭತ್ತದ ಗದ್ದೆಗಳು. ಮಸ್ಕಿಯನ್ನು ಸಮೀಪಿಸಿದಂತೆ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಡ್ಡಗಳು. ಲಿಂಗಸುಗೂರಿನ ಸೀಮೆಯಲ್ಲಿ ಮಳೆಯನ್ನೇ ನಂಬಿದ ಜೋಳ, ಸಜ್ಜೆ, ತೊಗರಿಯ ಹೊಲಗಳು. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ಚಿನ್ನವನ್ನು ತೆಗೆಯುತ್ತಾರೆ. "ಈ ನೆಲ ಒಳ್ಳೆಯದೋ ಕೆಟ್ಟದ್ದೋ?" ಎಂದು ಅಲ್ಲಿಯ ಅನುಭವಿ ರೈತನನ್ನು ಕೇಳಿದರೆ ಅವನು ಒಂದೇ ಮಾತಿನಲ್ಲಿ ಉತ್ತರ ಕೊಡಲಾರ. "ಯಾವ ಬೆಳೆಗೆ?" ಎಂದು ಅವನೇ ಮರಳಿ ಕೇಳುತ್ತಾನೆ. ನೆಲದ ವಿಷಯದಲ್ಲಿ ಇಷ್ಟೊಂದು ವಿವೇಚನೆಯುಳ್ಳ ಜನರು ಮಕ್ಕಳ ಬುದ್ಧಿಯ ಮಾತು ಬಂದಾಗ ಮಾತ್ರ ಆ ವಿವೇಚನೆಯನ್ನು ಬದಿಗಿಟ್ಟುಬಿಡುವುದು ಸೋಜಿಗದ ಸಂಗತಿ. "ಹುಡುಗ ಜಾಣನೋ ದಡ್ಡನೋ?" ಎಂದು ಕೇಳುತ್ತಾರೆ, ಒಂದೇ ಮಾತಿನ ಉತ್ತರವನ್ನು ಪಡೆಯುತ್ತಾರೆ, ಆ ಉತ್ತರವನ್ನು ನಂಬಿ ಹುಡುಗನನ್ನು ಶಾಲೆಯಲ್ಲಿ ಉಳಿಸುವುದನ್ನೋ ಬಿಡಿಸುವುದನ್ನೋ ನಿರ್ಧರಿಸುತ್ತಾರೆ.

ಬುದ್ಧಿ ಎಂಬುದು ಒಂದೇ ಪದವಾದರೂ ಅದರಿಂದ ಸೂಚಿತವಾಗುವ ಶಕ್ತಿಗಳು ಹಲವು. ಕೇಳಿದ್ದನ್ನು ನೆನಪಿನಲ್ಲಿಡುವುದು, ಓದಿದ್ದನ್ನು ಅರ್ಥಮಾಡಿಕೊಳ್ಳುವುದು, ಮನಸ್ಸಿನಲ್ಲಿಯೇ ಲೆಕ್ಕ ಹಾಕುವುದು, ವಸ್ತುವಿನ ಆಕಾರವನ್ನು ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳುವುದು, ಎದುರಿಗಿರುವವರ ಮುಖ ನೋಡಿ ಮನಸ್ಸನ್ನು ತಿಳಿಯುವುದು, ಇವೆಲ್ಲವೂ ಬುದ್ಧಿಯ ಕಾರ್ಯಗಳೇ. ಆದರೆ ಇವೆಲ್ಲವೂ ಒಬ್ಬನಲ್ಲಿ ಒಂದೇ ಮಟ್ಟದಲ್ಲಿರಬೇಕೆಂಬ ನಿಯಮವೇನೂ ಇಲ್ಲ. ಮಸ್ಕಿಯ ಗುಡ್ಡದ ಮಗ್ಗುಲಲ್ಲಿ ಕುರಿ ಕಾಯುವ ಬಾಲಕನು ಹಿಂಡಿನ ಒಂದೊಂದು ಕುರಿಯನ್ನೂ ಮುಖ ನೋಡಿ ಗುರುತಿಸುತ್ತಾನೆ. ಸಂಜೆ ಹಟ್ಟಿಗೆ ಮರಳುವಾಗ ಒಂದು ಮರಿ ಕಡಿಮೆಯಾದರೂ ಎಣಿಸದೆಯೇ ಅವನಿಗೆ ತಿಳಿದುಬಿಡುತ್ತದೆ. ಅದೇ ಬಾಲಕನಿಗೆ ಪಾಠಪುಸ್ತಕದ ಒಂದು ಪುಟವನ್ನು ಓದುವುದು ಬೆಟ್ಟವನ್ನು ಹತ್ತಿದಷ್ಟು ಕಷ್ಟವಾಗಬಹುದು. ಪದ್ಯಗಳನ್ನು ಒಂದೇ ಸಲಕ್ಕೆ ಕಂಠಪಾಠ ಮಾಡುವ ಬಾಲಕಿಗೆ ಭೂಪಟದಲ್ಲಿ ಕೃಷ್ಣಾ ನದಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂಬುದು ಹೊಳೆಯದಿರಬಹುದು. ಇವರಿಬ್ಬರಲ್ಲಿ ಜಾಣರು ಯಾರೆಂದು ಕೇಳುವುದೇ ತಪ್ಪು ಪ್ರಶ್ನೆ.

ಬುದ್ಧಿಯನ್ನು ಅಳೆಯುವ ಪ್ರಯತ್ನದ ಚರಿತ್ರೆಯಲ್ಲಿಯೂ ಈ ತೊಡಕು ಮೊದಲಿನಿಂದಲೇ ಇದೆ. ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಅವರು 1904ರಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟರು. ಒಂದು ವಿಷಯದಲ್ಲಿ ಮುಂದಿರುವ ವಿದ್ಯಾರ್ಥಿಗಳು ಇತರ ವಿಷಯಗಳಲ್ಲಿಯೂ ಒಟ್ಟಿನಲ್ಲಿ ಸ್ವಲ್ಪ ಮುಂದಿರುತ್ತಾರೆ. ಆದುದರಿಂದ ಎಲ್ಲ ಶಕ್ತಿಗಳ ಹಿಂದೆಯೂ ಒಂದು ಸಾಮಾನ್ಯ ಬುದ್ಧಿಶಕ್ತಿಯಿರಬೇಕು ಎಂಬುದು ಅವರ ವಾದ. ಅಮೆರಿಕದ ಲೂಯಿ ಥರ್ಸ್ಟನ್ ಅವರು 1938ರಲ್ಲಿ ಇದಕ್ಕೆ ಎದುರಾಗಿ, ಬುದ್ಧಿಯು ಒಂದಲ್ಲ, ಪದಜ್ಞಾನ, ಸಂಖ್ಯೆ, ಆಕಾರಕಲ್ಪನೆ, ಸ್ಮರಣೆ, ತರ್ಕ ಮೊದಲಾದ ಏಳು ಮೂಲಶಕ್ತಿಗಳ ಕೂಟ ಎಂದರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆಯೆಂದು ಈಗಿನ ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಶಕ್ತಿಗಳು ಜೊತೆಜೊತೆಯಾಗಿ ಏರುವಂತೆ ಕಾಣುತ್ತವೆ; ಒಬ್ಬನನ್ನೇ ಹತ್ತಿರದಿಂದ ನೋಡಿದಾಗ ಅವನಲ್ಲಿ ಏರುತಗ್ಗುಗಳು ಕಾಣುತ್ತವೆ. ಊರಿನಲ್ಲಿ ಬಿದ್ದ ಸರಾಸರಿ ಮಳೆ ಎಷ್ಟೆಂದು ತಿಳಿದ ಮಾತ್ರಕ್ಕೆ ಒಬ್ಬ ರೈತನ ಹೊಲದಲ್ಲಿ ಎಷ್ಟು ಸುರಿಯಿತೆಂದು ಹೇಳಲಾದೀತೆ?

ಬುದ್ಧಿಪರೀಕ್ಷೆಯನ್ನು ಮೊದಲು ರೂಪಿಸಿದವರು ಫ್ರಾನ್ಸಿನ ಆಲ್ಫ್ರೆಡ್ ಬಿನೆ. ತಮ್ಮ ಸಹಾಯಕ ಥಿಯೊಡೋರ್ ಸಿಮೊನ್ ಅವರೊಡನೆ 1905ರಲ್ಲಿ ಅವರು ಈ ಪರೀಕ್ಷೆಯನ್ನು ಸಿದ್ಧಪಡಿಸಿದ್ದು, ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ನೆರವು ನೀಡುವುದಕ್ಕಾಗಿಯೇ ಹೊರತು ಅವರನ್ನು ಹೊರಗಟ್ಟುವುದಕ್ಕಾಗಿ ಅಲ್ಲ. ಮಗುವಿನ ಬುದ್ಧಿಯು ಇಷ್ಟೇ, ಇದಕ್ಕಿಂತ ಬೆಳೆಯಲಾರದು ಎಂದು ತೀರ್ಪು ಕೊಡುವವರನ್ನು ಅವರು ಕಟುವಾಗಿ ಖಂಡಿಸಿದರು. ಅವರ ಪರೀಕ್ಷೆಯನ್ನು ಲೋಕಕ್ಕೆಲ್ಲ ಹರಡಿದವರು ಈ ಎಚ್ಚರಿಕೆಯನ್ನು ಜೊತೆಯಲ್ಲಿ ಕೊಂಡೊಯ್ಯಲಿಲ್ಲವೆಂಬುದು ವಿಷಾದಕರ. ಕನ್ನಡ ನಾಡಿಗೂ ಆ ಪರೀಕ್ಷೆ ಬೇಗನೆ ಬಂದಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ವಿದ್ಯಾಕೇಂದ್ರವಾಗಿದ್ದ ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಅದನ್ನು ಪರಿಷ್ಕರಿಸಿ 1940ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಶ್ನೆಗಳನ್ನು ಭಾಷೆ, ಸ್ಮರಣೆ, ತರ್ಕ, ಸಂಖ್ಯೆ, ಕಣ್ಣು-ಕೈಗಳ ಹೊಂದಾಣಿಕೆ, ಲೋಕವ್ಯವಹಾರ ಎಂದು ಬೇರೆಬೇರೆಯಾಗಿ ವಿಂಗಡಿಸಿ ನೋಡುವ ಪದ್ಧತಿಯೂ ಬೆಳೆದಿದೆ. ಅನುಭವಿಗಳಾದ ಪರೀಕ್ಷಕರು ಕೊನೆಯಲ್ಲಿ ದೊರೆಯುವ ಒಟ್ಟು ಅಂಕಕ್ಕಿಂತ ಈ ವಿಂಗಡಣೆಯನ್ನೇ ಹೆಚ್ಚು ಗಮನವಿಟ್ಟು ನೋಡುತ್ತಾರೆ. ಮಗುವಿನ ನಿಜಸ್ಥಿತಿ ಅಡಗಿರುವುದು ಅಲ್ಲಿ.

ಬಿನೆಯವರು ಪರೀಕ್ಷೆಯನ್ನು ರೂಪಿಸುವುದಕ್ಕೆ ಮೊದಲೇ ತಮ್ಮ ಮನೆಯಲ್ಲಿ ಇನ್ನೊಂದು ಬಗೆಯ ಅಧ್ಯಯನವನ್ನು ನಡೆಸಿದ್ದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಒಂದೇ ತಾಯಿತಂದೆಯರ, ಒಂದೇ ಮನೆಯ, ವಯಸ್ಸಿನಲ್ಲಿಯೂ ಹೆಚ್ಚು ಅಂತರವಿಲ್ಲದ ಮಕ್ಕಳು. ಒಂದು ವಸ್ತುವನ್ನು ಮುಂದಿಟ್ಟು ಅದರ ವಿಷಯವಾಗಿ ಬರೆಯಿರೆಂದರೆ ಹಿರಿಯವಳು ಅದರ ಬಣ್ಣ, ಅಳತೆ, ಸವೆದ ಅಂಚು ಇವನ್ನೆಲ್ಲ ಕಂಡುದು ಕಂಡಂತೆ ಬರೆಯುತ್ತಿದ್ದಳು. ಕಿರಿಯವಳ ಬರೆಹದಲ್ಲಿ ವಸ್ತು ಹಿಂದೆ ಸರಿದು ಕಲ್ಪನೆ ಮುಂದೆ ಬರುತ್ತಿತ್ತು. ಗಮನ, ನೆನಪು, ಕೆಲಸದ ರೀತಿ, ನಡೆನುಡಿ ಎಲ್ಲದರಲ್ಲಿಯೂ ಈ ಭೇದ ಕಾಣುತ್ತಿತ್ತು. 1903ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಬಿನೆಯವರು ಮಕ್ಕಳಿಗೆ ಬೇರೆ ಹೆಸರುಗಳನ್ನಿಟ್ಟು ಈ ವಿವರಗಳನ್ನೆಲ್ಲ ದಾಖಲಿಸಿದ್ದಾರೆ. ಬುದ್ಧಿಯ ಬಗೆಯನ್ನು ಸ್ವಭಾವದಿಂದ ಬಿಡಿಸಿ ನೋಡುವುದು ಸುಲಭವಲ್ಲವೆಂಬುದನ್ನು ಕಾಣಲು ಅವರು ಮನೆಯ ಹೊಸಿಲನ್ನು ದಾಟಬೇಕಾಗಲಿಲ್ಲ.

ಏರು ಎಷ್ಟು ಎತ್ತರವಾಗಿರಬಹುದು ಎಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಪ್ರಖ್ಯಾತವಾದ ಉದಾಹರಣೆಯೊಂದಿದೆ. 1929ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾದೇವಿಯವರ ತಂದೆ ಸರ್ಕಸ್ಸಿನಲ್ಲಿ ಆಟ ತೋರಿಸುತ್ತಿದ್ದವರು. ಬಡತನದ ಆ ಮನೆಯ ಬಾಲಕಿಗೆ ಕ್ರಮವಾದ ಶಾಲಾಶಿಕ್ಷಣ ದೊರೆಯಲಿಲ್ಲ. ಆದರೆ ಸಂಖ್ಯೆಗಳು ಅವರಿಗೆ ಆಟದ ಸಂಗಾತಿಗಳಾಗಿದ್ದವು. ಚಿಕ್ಕಂದಿನಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ವಿದ್ವಾಂಸರ ಮುಂದೆ ತಮ್ಮ ಸಾಮರ್ಥ್ಯವನ್ನು ಪ್ರದರ್ಶಿಸಿದ ಅವರು ಮುಂದೆ ದೇಶವಿದೇಶಗಳನ್ನು ಸುತ್ತಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಗಣಕಯಂತ್ರವು ಆರಿಸಿಕೊಟ್ಟ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರ ಹೇಳಿದರು.

ಇದು ಬಹುಜನರಿಗೆ ತಿಳಿದ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿಯೊಂದಿದೆ. ಪ್ರಸ್ತುತ ವಿಷಯಕ್ಕೆ ಅದೇ ಹೆಚ್ಚು ಮುಖ್ಯವಾದುದು. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರು 1988ರಲ್ಲಿ ಶಕುಂತಲಾದೇವಿಯವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲವೇನು, 17,08,59,375ರ ಏಳನೆಯ ಮೂಲವೇನು ಎಂಬಂತಹ ಪ್ರಶ್ನೆಗಳಿಗೆ, ಜೆನ್ಸನ್ ಅವರು ಆ ಸಂಖ್ಯೆಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವುದರೊಳಗಾಗಿ 395, 15 ಎಂಬ ಉತ್ತರಗಳು ಬಂದವು. ಆದರೆ ದೀಪ ಹೊತ್ತಿದೊಡನೆ ಗುಂಡಿಯನ್ನೊತ್ತುವುದೇ ಮೊದಲಾದ, ಮನಸ್ಸಿನ ವೇಗವನ್ನು ಅಳೆಯುವ ಸರಳ ಪರೀಕ್ಷೆಗಳಲ್ಲಿ ಅವರ ವೇಗವು ಸಾಮಾನ್ಯರ ವೇಗಕ್ಕಿಂತ ವಿಶೇಷವಾಗಿರಲಿಲ್ಲ. ಅವರ ಮನಸ್ಸು ಎಲ್ಲ ಕಾರ್ಯಗಳಲ್ಲಿಯೂ ಮಿಂಚಿನಂತೆ ಓಡುತ್ತಿರಲಿಲ್ಲ. ಸಂಖ್ಯೆಗಳ ದಾರಿಯಲ್ಲಿ ಮಾತ್ರ ಓಡುತ್ತಿತ್ತು. ಜೆನ್ಸನ್ ಅವರು 1990ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇನ್ನೂ ಒಂದು ಅಂಶವಿದೆ. ಇಂತಹ ಅಸಾಧಾರಣ ಗಣಿತಶಕ್ತಿಯುಳ್ಳವರು ಏಕಾಂಗಿಗಳೂ ಜನರಿಂದ ದೂರ ಸರಿಯುವವರೂ ಆಗಿರುತ್ತಾರೆಂಬ ನಂಬಿಕೆ ಇದೆ. ಶಕುಂತಲಾದೇವಿಯವರಾದರೋ ಮಾತುಗಾರರು, ಸ್ನೇಹಪರರು, ಸಭೆಯನ್ನು ಮೆಚ್ಚಿಸಬಲ್ಲವರು. ಒಂದು ಶಕ್ತಿ ಅತಿಯಾಗಿ ಬೆಳೆದರೆ ಸ್ವಭಾವವು ಇಂತಹುದೇ ಆಗಿರಬೇಕೆಂಬ ಕಟ್ಟುಪಾಡು ಇಲ್ಲ. ಬುದ್ಧಿಗೂ ಸ್ವಭಾವಕ್ಕೂ ಸಂಬಂಧವಿದೆ, ನಿಜ. ಆದರೆ ಒಂದರಿಂದ ಮತ್ತೊಂದನ್ನು ಜಾತಕದಂತೆ ಓದಿಹೇಳಲಾಗದು.

ತಗ್ಗಿನ ಉದಾಹರಣೆಯನ್ನು ಇನ್ನೊಂದೆಡೆಯಿಂದ ತೆಗೆದುಕೊಳ್ಳಬಹುದು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು 14 ವರ್ಷದ ಬಾಲಕನೊಬ್ಬನ ವಿಷಯವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಆ ವಯಸ್ಸು ನಮ್ಮಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ವಯಸ್ಸು. ಬಾಲಕ ಚುರುಕಾದವನು, ಆಟಗಳಲ್ಲಿ ಮುಂದು, ದೃಷ್ಟಿದೋಷವಿಲ್ಲ. ಆದರೆ ವರ್ಷಗಟ್ಟಲೆ ಕಲಿಸಿದರೂ ಚಿಕ್ಕಚಿಕ್ಕ ಪದಗಳನ್ನು ಓದಲಾರ. ತನ್ನ ಹೆಸರನ್ನೇ ಅಕ್ಷರಗಳು ಹಿಂದುಮುಂದಾಗುವಂತೆ ಬರೆದು, ತಪ್ಪಾಗಿರುವುದನ್ನು ಒಡನೆಯೇ ಅರಿಯಲಾರ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾಗಿದ್ದರೆ ಈತನೇ ಶಾಲೆಯಲ್ಲಿ ಎಲ್ಲರಿಗಿಂತ ಜಾಣನೆನಿಸುತ್ತಿದ್ದನೆಂದು ಅವನ ಉಪಾಧ್ಯಾಯರು ಹೇಳಿದರಂತೆ. ಹೀಗೆ ಉಳಿದ ಶಕ್ತಿಗಳು ಸರಿಯಾಗಿದ್ದು ಓದು ಬರೆಹವೊಂದರಲ್ಲಿಯೇ ತಗ್ಗು ಬೀಳುವುದನ್ನು ಈಗ ಕಲಿಕಾ ನ್ಯೂನತೆಯೆಂದು ಗುರುತಿಸಲಾಗಿದೆ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಇದನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಇಂತಹ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೇ ಮೊದಲಾದ ಸೌಲಭ್ಯಗಳುಂಟು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕನ್ನಡ ಬರೆಯುವಾಗ ಒತ್ತಕ್ಷರ ಬಿಟ್ಟವರಿಗೆಲ್ಲ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡಿದವರಿಗೆಲ್ಲ ಈ ನ್ಯೂನತೆಯಿದೆಯೆಂದು ಭಾವಿಸಲಾಗದು. ಸಿಂಧನೂರಿನ ಸೀಮೆಯನ್ನೇ ನೋಡಬಹುದು. ಕಾಲುವೆಯ ಕೆಳಗಿನ ಕ್ಯಾಂಪುಗಳಲ್ಲಿ ತೆಲುಗು, ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣದ ಓಣಿಗಳಲ್ಲಿ ಉರ್ದು ಮನೆಮಾತಾಗಿವೆ. ಕನ್ನಡವೇ ಮನೆಮಾತಾದವರ ಆಡುನುಡಿಯಲ್ಲಿಯೂ ಮಹಾಪ್ರಾಣಗಳು ಕೇಳಿಬರುವುದು ವಿರಳ. ಮನೆಯಲ್ಲಿ ಕೇಳದ ಧ್ವನಿಯನ್ನು ಶಾಲೆಯಲ್ಲಿ ಬರೆಯಬೇಕಾದ ಮಗು ತಡವರಿಸಿದರೆ ಅದು ಬುದ್ಧಿಯ ತಗ್ಗಲ್ಲ, ದಾರಿಯ ದೂರ. ಯಾವುದು ತಗ್ಗು, ಯಾವುದು ದೂರ ಎಂದು ವಿವೇಚಿಸುವುದು ಬಲ್ಲವರ ಕೆಲಸ. ಪಕ್ಕದಲ್ಲಿ ಕುಳಿತು ನಗುವ ಸಹಪಾಠಿಗಳದಲ್ಲ.

ಆ ನಗೆಯು ಮಾಡುವ ಕೆಲಸವಾದರೂ ಸಣ್ಣದಲ್ಲ. ತರಗತಿಯಲ್ಲಿ ಎದ್ದುನಿಂತು ಓದಬೇಕಾದಾಗ ಪದಗಳು ಕೈಕೊಡುವ ಬಾಲಕನು ಕ್ರಮೇಣ ಒಂದು ಉಪಾಯವನ್ನು ಕಂಡುಕೊಳ್ಳುತ್ತಾನೆ. ಕೆಲವರು ಮೌನಿಗಳಾಗಿ ಹಿಂದಿನ ಬೆಂಚನ್ನು ಸೇರುತ್ತಾರೆ. ಕೆಲವರು ತಾವೇ ಮೊದಲು ನಗಿಸಿ, ಓದುವ ಸರದಿ ಬಾರದಂತೆ ಮಾಡಿಕೊಳ್ಳುತ್ತಾರೆ. ಕೆಲವರು ಜಗಳಗಂಟರಾಗುತ್ತಾರೆ, ಮತ್ತೆ ಕೆಲವರು ಸೋಮವಾರ ಹೊಟ್ಟೆನೋವು, ಮಂಗಳವಾರ ಹೊಲದ ಕೆಲಸ ಎಂದು ನೆಪ ಹೇಳುತ್ತ ಕೊನೆಗೆ ಶಾಲೆಯನ್ನೇ ಬಿಡುತ್ತಾರೆ. ಹತ್ತಿ ಬಿಡಿಸುವ ಕಾಲ, ಮೆಣಸಿನಕಾಯಿ ಬಿಡಿಸುವ ಕಾಲ ಬಂದಾಗ ಈ ಸೀಮೆಯಲ್ಲಿ ಅಂತಹವರಿಗೆ ಕೂಲಿ ಸಿಗದೆ ಇರುವುದಿಲ್ಲ. ಹೊರಗಿನಿಂದ ನೋಡುವವರು "ಇವನ ಸ್ವಭಾವವೇ ಹೀಗೆ" ಎನ್ನುತ್ತಾರೆ. ಸ್ವಭಾವವೆಂದು ಕಂಡದ್ದು ಎಷ್ಟೋ ಸಲ ತಗ್ಗನ್ನು ಮುಚ್ಚಲು ಹಾಸಿದ ಚಾಪೆಯಾಗಿರುತ್ತದೆ.

ಏರಿನ ಮೇಲಿರುವವರ ಸ್ವಭಾವಕ್ಕೂ ಅಪಾಯ ತಪ್ಪಿದ್ದಲ್ಲ. ಆಸ್ಟ್ರೇಲಿಯದಲ್ಲಿದ್ದ ವಿದ್ವಾಂಸ ಹರ್ಬರ್ಟ್ ಮಾರ್ಷ್ ಅವರು 1986ರಲ್ಲಿ ಕುತೂಹಲಕರವಾದ ವಿಚಾರವೊಂದನ್ನು ಮಂಡಿಸಿದರು. ಗಣಿತದಲ್ಲಿ ಚೆನ್ನಾಗಿ ಮಾಡುವ ವಿದ್ಯಾರ್ಥಿಗಳು ಭಾಷೆಯಲ್ಲಿಯೂ ಸಾಮಾನ್ಯವಾಗಿ ಚೆನ್ನಾಗಿಯೇ ಮಾಡುತ್ತಾರೆ. ಆದರೆ ತಮ್ಮನ್ನು ಕುರಿತು ಅವರಿಗಿರುವ ಅಭಿಪ್ರಾಯವನ್ನು ಕೇಳಿದರೆ, ಒಬ್ಬನು "ಗಣಿತ ನನ್ನದು, ಭಾಷೆ ನನ್ನದಲ್ಲ" ಎನ್ನುತ್ತಾನೆ. ಇನ್ನೊಬ್ಬನು ಅದಕ್ಕೆ ವಿರುದ್ಧವಾಗಿ ಹೇಳುತ್ತಾನೆ. ಕಾರಣವೇನೆಂದರೆ ವಿದ್ಯಾರ್ಥಿಯು ತನ್ನನ್ನು ಎರಡು ಬಗೆಯಲ್ಲಿ ತೂಗಿಕೊಳ್ಳುತ್ತಾನೆ. ಸಹಪಾಠಿಗಳೊಡನೆ ಹೋಲಿಸಿಕೊಳ್ಳುವುದು ಒಂದು ಬಗೆ. ತನ್ನದೇ ಆದ ಒಂದು ಶಕ್ತಿಯನ್ನು ಇನ್ನೊಂದು ಶಕ್ತಿಯೊಡನೆ ಹೋಲಿಸಿಕೊಳ್ಳುವುದು ಮತ್ತೊಂದು ಬಗೆ. ಗಣಿತದಲ್ಲಿ 95, ಕನ್ನಡದಲ್ಲಿ 80 ಅಂಕ ಪಡೆದ ವಿದ್ಯಾರ್ಥಿಯು ಇಡೀ ತರಗತಿಯಲ್ಲಿ ಕನ್ನಡಕ್ಕೂ ಮೊದಲಿಗನಾಗಿರಬಹುದು. ಆದರೂ ಆ 15 ಅಂಕಗಳ ಅಂತರವನ್ನು ನೋಡಿ ಅವನು ತನಗೆ ಭಾಷೆ ಬಾರದೆಂದು ನಂಬುತ್ತಾನೆ. ನಂಬಿ ಓದುವುದನ್ನು ಬಿಡುತ್ತಾನೆ. ಬಿಟ್ಟುದರಿಂದ ನಿಜವಾಗಿಯೂ ಬಾರದಂತಾಗುತ್ತದೆ. ತನ್ನ ಏರು ತನ್ನ ಸಮತಟ್ಟಾದ ನೆಲವನ್ನೇ ತಗ್ಗೆಂದು ತೋರಿಸುವ ಈ ಭ್ರಮೆಯಿಂದ ಎಷ್ಟು ಪ್ರತಿಭೆಗಳು ಅರ್ಧದಲ್ಲಿಯೇ ನಿಂತಿವೆಯೋ ಲೆಕ್ಕವಿಟ್ಟವರಿಲ್ಲ.

ಹೋಲಿಕೆಯೆಂಬುದು ಮೊದಲು ನಡೆಯುವುದು ಸ್ನೇಹಿತರೊಡನೆ. ದೂರದ ಊರಿನ ವಿದ್ಯಾರ್ಥಿಯೊಬ್ಬ ರಾಜ್ಯಕ್ಕೆ ಪ್ರಥಮನಾದರೆ ಯಾರೂ ಕೊರಗುವುದಿಲ್ಲ. ಪಕ್ಕದಲ್ಲಿ ಕುಳಿತ ಗೆಳೆಯ ಎರಡು ಅಂಕ ಹೆಚ್ಚು ಪಡೆದರೆ ಅನ್ನ ಸೇರುವುದಿಲ್ಲ. ಏಬ್ರಹಾಂ ಟೆಸರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಡನೆ 1984ರಲ್ಲಿ ಐದು ಮತ್ತು ಆರನೆಯ ತರಗತಿಯ ಮಕ್ಕಳ ಸ್ನೇಹವನ್ನು ಕುರಿತು ಅಧ್ಯಯನ ಮಾಡಿದರು. ಮಕ್ಕಳು ಯಾರನ್ನು ಗೆಳೆಯರನ್ನಾಗಿ ಆರಿಸಿಕೊಳ್ಳುತ್ತಾರೆ? ತಮಗೆ ಮುಖ್ಯವೆನಿಸಿದ ಕೆಲಸದಲ್ಲಿ ತಮಗಿಂತ ತುಸು ಹಿಂದಿರುವವರನ್ನು, ತಮಗೆ ಅಷ್ಟು ಮುಖ್ಯವಲ್ಲದ ಕೆಲಸದಲ್ಲಿ ತಮಗಿಂತ ಮುಂದಿರುವವರನ್ನು ಎಂಬುದು ಅವರು ಕಂಡುಕೊಂಡ ಫಲಿತಾಂಶ. ಓಟದಲ್ಲಿ ಪಾರಿತೋಷಕ ಗೆಲ್ಲುವ ಗೆಳೆಯನನ್ನು ಓದಿನ ಹುಡುಗ ಹೆಮ್ಮೆಯಿಂದ ಹೊತ್ತು ಕುಣಿಯುತ್ತಾನೆ. ಆ ಗೆಳೆಯನೇ ಓದಿನಲ್ಲಿಯೂ ಮುಂದೆ ಹೋದರೆ ಸ್ನೇಹಕ್ಕೆ ಹುಳಿ ಹಿಂಡಿದಂತಾಗುತ್ತದೆ. ಇದನ್ನು ಕೇಳಿ ಸ್ನೇಹವೆಂಬುದು ಬರಿಯ ಸ್ವಾರ್ಥವೆಂದು ಕೈಬಿಡಬೇಕಾಗಿಲ್ಲ. ಏರುತಗ್ಗುಗಳು ಬೇರೆಬೇರೆಯಾಗಿರುವವರ ನಡುವೆ ಸ್ನೇಹವು ಸುಲಭವಾಗಿ ಬೇರುಬಿಡುತ್ತದೆಂಬುದೂ ಇದರಿಂದಲೇ ಸಿದ್ಧವಾಗುತ್ತದೆ.

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಬಯಲಾಟವನ್ನು ಕಂಡವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ರಾತ್ರಿ ಆಟ ಕಲಿಯುತ್ತಾರೆ. ರಾಜನ ಪಾತ್ರ ಮಾಡುವವನಿಗೆ ಅಕ್ಷರ ಬಾರದೆ ಇರಬಹುದು. ಆದರೆ ಕಂಠ ಗಂಭೀರ, ನಿಲುವು ಎತ್ತರ, ಒಮ್ಮೆ ಕೇಳಿದ ಮಾತು ಮರೆಯುವವನಲ್ಲ. ಅವನ ಗೆಳೆಯನಿಗೆ ಓದು ಬರುತ್ತದೆ. ಜನರ ಮುಂದೆ ನಿಂತರೆ ಬಾಯಿ ಒಣಗುತ್ತದೆ. ಅವನು ಲಾಟೀನಿನ ಬೆಳಕಿನಲ್ಲಿ ಪ್ರತಿಯನ್ನು ಹಿಡಿದು ಒಂದೊಂದೇ ಮಾತನ್ನು ಓದಿಹೇಳುತ್ತಾನೆ. ಇವನು ಕೇಳಿ ಕೇಳಿ ಇಡೀ ರಾತ್ರಿಯ ಆಟವನ್ನು ಕಂಠಸ್ಥ ಮಾಡಿಕೊಳ್ಳುತ್ತಾನೆ. ಪೇಟಿ ಮಾಸ್ತರನಿಗೆ ಇಬ್ಬರೂ ಬೇಕು. ಆಟದ ದಿನ ಊರವರು ಹೊಗಳುವುದು ರಾಜನನ್ನಾದರೂ, ಪ್ರತಿ ಹಿಡಿದವನು ಕಂಬದ ಮರೆಯಲ್ಲಿ ನಿಂತು ತುಟಿಯಾಡಿಸುತ್ತಿರುತ್ತಾನೆ. ಅವನ ಮುಖದಲ್ಲಿಯೂ ರಾಜಕಳೆ ಇರುತ್ತದೆ.

ಮುಖ್ಯವೆನಿಸಿದ ಕಾರ್ಯದಲ್ಲಿಯೇ ಗೆಳೆಯನು ಮುಂದೆ ಹೋದಾಗಲೂ ಸ್ನೇಹ ಕೆಡದೆ ಇರುವುದುಂಟೆ? ಟೆಸರ್ ಅವರ ಮಕ್ಕಳ ವಿಷಯವೇನೇ ಇರಲಿ, ದೊಡ್ಡವರಲ್ಲಿ ಇದ್ದುದಕ್ಕೆ ಮಸ್ಕಿಯ ಬಂಡೆಯ ಕತೆಯಲ್ಲಿ ಆಧಾರವಿದೆ. ಆ ಕತೆ ಮಸ್ಕಿಯಿಂದ ಬಹುದೂರದಲ್ಲಿ, ಕಲ್ಕತ್ತೆಯ ಟಂಕಸಾಲೆಯಲ್ಲಿ ಆರಂಭವಾಗುತ್ತದೆ.

ಜೇಮ್ಸ್ ಪ್ರಿನ್ಸೆಪ್ ಎಂಬವರು 1799ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಚಿತ್ರ ಬರೆಯುವುದರಲ್ಲಿ ನಿಪುಣರಾಗಿದ್ದ ಅವರು ವಾಸ್ತುಶಿಲ್ಪಿಯಾಗಬೇಕೆಂದಿದ್ದರು. ಕಣ್ಣಿನ ಬೇನೆಯಿಂದ ಅದು ಕೈಗೂಡಲಿಲ್ಲ. ಲೋಹಗಳ ಶುದ್ಧಿಯನ್ನು ಪರೀಕ್ಷಿಸುವ ವಿದ್ಯೆಯನ್ನು ಕಲಿತು ಭಾರತಕ್ಕೆ ಬಂದು, ಕಾಶಿಯ ಮತ್ತು ಕಲ್ಕತ್ತೆಯ ಟಂಕಸಾಲೆಗಳಲ್ಲಿ ಕೆಲಸ ಮಾಡಿದರು. ಸೂಕ್ಷ್ಮವಾದ ತಕ್ಕಡಿಗಳನ್ನು ತಯಾರಿಸುವುದು, ನಾಣ್ಯಗಳ ಮೇಲಿನ ಸವೆದ ಗುರುತುಗಳನ್ನು ಬಿಡಿಸುವುದು, ಒಂದೇ ಬಗೆಯ ಚಿಹ್ನೆಗಳನ್ನು ಒಟ್ಟುಗೂಡಿಸಿ ಎಣಿಸುವುದು ಅವರಿಗೆ ಸಹಜವಾಗಿ ಬಂದ ಶಕ್ತಿಗಳು. ಆದರೆ ಭಾಷಾಪಾಂಡಿತ್ಯ ಅವರ ಏರಾಗಿರಲಿಲ್ಲ. ಸಂಸ್ಕೃತ ಪ್ರಾಕೃತಗಳಿಗೆ ಅವರು ಪಂಡಿತರನ್ನು ಅವಲಂಬಿಸುತ್ತಿದ್ದರು, ಅದನ್ನು ಮುಚ್ಚಿಟ್ಟವರಲ್ಲ. ದೆಹಲಿ, ಅಲಹಾಬಾದು ಮೊದಲಾದ ಕಡೆಗಳ ಸ್ತಂಭಗಳ ಮೇಲೆ, ಯಾರೂ ಓದಲಾರದ ಲಿಪಿಯೊಂದು ಇದ್ದಿತು. ಸಾಂಚಿಯ ಚಿಕ್ಕಚಿಕ್ಕ ಬರೆಹಗಳ ಕೊನೆಯಲ್ಲೆಲ್ಲ ಅವೇ ಎರಡು ಅಕ್ಷರಗಳು ಬರುವುದನ್ನು ಪ್ರಿನ್ಸೆಪ್ ಅವರ ಕಣ್ಣು ಗುರುತಿಸಿತು. ಅವು ಭಕ್ತರು ಕೊಟ್ಟ ಕಾಣಿಕೆಗಳ ಬರೆಹಗಳಾಗಿರಬೇಕು. ಆದುದರಿಂದ ಆ ಪದ 'ದಾನಂ' ಆಗಿರಬೇಕು ಎಂದು ಅವರು ಊಹಿಸಿದರು. ಆ ಎಳೆಯನ್ನು ಹಿಡಿದು 1837ರಲ್ಲಿ ಬ್ರಾಹ್ಮೀ ಲಿಪಿಯೆಲ್ಲವೂ ಬಿಡಿಸಿಕೊಂಡಿತು.

ಅಕ್ಷರಗಳು ಬಿಡಿಸಿಕೊಂಡವು; ಅರಸ ಬಿಡಿಸಿಕೊಳ್ಳಲಿಲ್ಲ. ಶಾಸನಗಳನ್ನು ಬರೆಯಿಸಿದವನು ತನ್ನನ್ನು 'ದೇವಾನಾಂಪಿಯ ಪಿಯದಸಿ' ಎಂದು ಕರೆದುಕೊಂಡಿದ್ದನು. ಯಾರೀತ? ಸಿಂಹಳದ ಅರಸನೊಬ್ಬನಿಗೆ ದೇವಾನಾಂಪಿಯ ಎಂಬ ಬಿರುದು ಇದ್ದುದನ್ನು ನೋಡಿ ಪ್ರಿನ್ಸೆಪ್ ಅವರು ಆತನೇ ಈತನೆಂದು ಮೊದಲು ಭಾವಿಸಿದರು. ಆಗ ನೆರವಿಗೆ ಬಂದವರು ಸಿಂಹಳದಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್. ಅವರೂ 1799ರಲ್ಲಿಯೇ ಹುಟ್ಟಿದವರು. ಬೌದ್ಧ ಭಿಕ್ಷುವೊಬ್ಬರಿಂದ ಪಾಲಿ ಭಾಷೆಯನ್ನು ಕಲಿತು ಮಹಾವಂಸವನ್ನು ಇಂಗ್ಲಿಷಿಗೆ ತರುತ್ತಿದ್ದರು. ಲಿಪಿಗಳ ಒಗಟನ್ನು ಬಿಡಿಸುವುದು ಅವರ ವಿದ್ಯೆಯಲ್ಲ. ಗ್ರಂಥಗಳ ರಾಶಿಯಲ್ಲಿ ತಾಳ್ಮೆಯಿಂದ ಹುಡುಕುವುದು ಅವರ ವಿದ್ಯೆ. ಹಾಗೆ ಹುಡುಕುತ್ತ ದೀಪವಂಸದಲ್ಲಿ, ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನಿಗೆ ಪಿಯದಸಿ ಎಂಬ ಹೆಸರಿದ್ದುದನ್ನು ಕಂಡು ಪ್ರಿನ್ಸೆಪ್ ಅವರಿಗೆ ತಿಳಿಸಿದರು. ಪ್ರಿನ್ಸೆಪ್ ಅವರ ನಿರ್ಣಯವನ್ನು ತಪ್ಪೆಂದು ತೋರಿಸಿದ ಆ ಮಾತನ್ನು ತಮ್ಮದೇ ಸಂಪಾದಕತ್ವದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚುಮಾಡಿಸಿದವರು ಪ್ರಿನ್ಸೆಪ್ ಅವರೇ. ಅದು ಅದೇ ವರ್ಷ, ಎಂದರೆ 1837ರಲ್ಲಿ. ಶಾಸನಗಳನ್ನು ಓದುವುದು ಅವರಿಗೆ ಪ್ರಾಣಕ್ಕಿಂತ ಮುಖ್ಯವಾಗಿದ್ದ ಕಾರ್ಯ. ಅದರಲ್ಲಿಯೇ ಇನ್ನೊಬ್ಬರು ಒಂದು ಹೆಜ್ಜೆ ಮುಂದೆ ಹೋದರು. ತಾನು ಎಲ್ಲಿಯವರೆಗೆ ಮಾತ್ರ ಕಾಣಬಲ್ಲೆನೆಂದು ಅರಿತಿದ್ದುದರಿಂದಲೇ ಅವರಿಗೆ ಆ ಹೆಜ್ಜೆಯನ್ನು ಸ್ವಾಗತಿಸುವುದು ಸಾಧ್ಯವಾಯಿತೆಂದು ಹೇಳಿದರೆ ತಪ್ಪಾಗಲಾರದು.

ಆದರೂ ಟರ್ನರ್ ಅವರ ಮಾತಿಗೆ ಗ್ರಂಥದ ಆಧಾರವಿದ್ದಿತೇ ಹೊರತು ಕಲ್ಲಿನ ಆಧಾರವಿರಲಿಲ್ಲ. ಅಲ್ಲಿಯವರೆಗೆ ತಿಳಿದಿದ್ದ ಆ ಅರಸನ ಯಾವ ಶಾಸನದಲ್ಲಿಯೂ ಅಶೋಕ ಎಂಬ ಹೆಸರು ಕಾಣಸಿಗಲಿಲ್ಲ. 78 ವರ್ಷಗಳು ಕಳೆದವು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳಿರುವುದನ್ನು ಕಂಡರು. ಕಲ್ಲಿನ ಬಗೆಯನ್ನು ಬಲ್ಲ ಕಣ್ಣು ಅದನ್ನು ಕಂಡಿತು. ಓದುವುದು ಆ ಕಣ್ಣಿನ ಕೆಲಸವಾಗಿರಲಿಲ್ಲ. ಶಾಸನತಜ್ಞರಾದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಧರ್ಮದಲ್ಲಿ ನಡೆಯುವ ಸಣ್ಣವನೂ ಉನ್ನತಿಯನ್ನು ಪಡೆಯಬಲ್ಲನೆಂದೂ ದೊಡ್ಡವನಿಗೆ ಮಾತ್ರ ಅದು ಸಾಧ್ಯವೆಂದು ತಿಳಿಯಬಾರದೆಂದೂ ಸಾರುವ ಆ ಬರೆಹದ ಮೊದಲ ಸಾಲಿನಲ್ಲಿಯೇ, ದೇವಾನಾಂಪಿಯ ಎಂಬ ಬಿರುದಿನ ಪಕ್ಕದಲ್ಲಿ, ಅಶೋಕ ಎಂಬ ಹೆಸರಿದ್ದಿತು.

ಗ್ರಂಥದಲ್ಲಿ ಹುಡುಕಿದವರ ಮಾತನ್ನು ಕಲ್ಲು ಎತ್ತಿಹಿಡಿಯಿತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಅಶೋಕನ ಹೆಸರುಳ್ಳ ಶಾಸನಗಳು ದೊರೆತವು. ಆದರೆ ಮೊದಲು ನುಡಿದದ್ದು ಮಸ್ಕಿಯ ಬಂಡೆ. ಆ ನುಡಿಯನ್ನು ಕೇಳಲು ಗೆಳೆಯರಿಬ್ಬರೂ ಇರಲಿಲ್ಲ. ದುಡಿಮೆಯಿಂದ ಆರೋಗ್ಯ ಕೆಟ್ಟು 1838ರಲ್ಲಿ ಹಡಗನ್ನೇರಿದ ಪ್ರಿನ್ಸೆಪ್ ಅವರು 1840ರಲ್ಲಿ, ತಮ್ಮ ನಾಲ್ವತ್ತೊಂದನೆಯ ವರ್ಷದಲ್ಲಿ, ತೀರಿಕೊಂಡರು. ಟರ್ನರ್ ಅವರು ಮೂರು ವರ್ಷಗಳ ತರುವಾಯ ತೀರಿಕೊಂಡರು. ಅವರಲ್ಲಿ ಒಬ್ಬರು ಬಿಡಿಸಿಕೊಟ್ಟ ಅಕ್ಷರಗಳಲ್ಲಿ, ಇನ್ನೊಬ್ಬರು ಹುಡುಕಿಕೊಟ್ಟ ಹೆಸರು ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಇಂದಿಗೂ ಇದೆ.